ಬಸ್ಸು ಹತ್ತದ ತಳ್ಳು ಟೀಚರ್

ನನ್ನ ನಾದಿನಿಗೆ ತಂದೆ ತಾಯಿ ಇಟ್ಟ ಹೆಸರೊಂದಿತ್ತು. ಶಾಲೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಅದು ಬೇರೆ ಯಾರಿಗೂ ಬೇಕಾಗಲಿಲ್ಲ. ಊರಿಗೆಲ್ಲ ಅವಳು ತಳ್ಳು ಟೀಚರ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಬಲ ಮತ್ತು ಚಲನೆಯ ಪಾಠ ಶುರುವಾದ ದಿನ ಬೋರ್ಡಿನ ಮೇಲೆ ಒಂದಕ್ಷರ ಬರೆಯುತ್ತಿರಲಿಲ್ಲ. ಕ್ಲಾಸಿನ ಮೂಲೆಯಲ್ಲಿದ್ದ ಕಬ್ಬಿಣದ ಬೀರು ತೋರಿಸಿ, "ಎಲ್ಲಿ, ತಳ್ಳು ನೋಡೋಣ" ಅನ್ನುತ್ತಿದ್ದಳು. ಒಬ್ಬಳು ತಳ್ಳಿದರೆ ಬೀರು ಜಪ್ಪಯ್ಯ ಅನ್ನುತ್ತಿರಲಿಲ್ಲ. ಮೂವರು ಸೇರಿದರೆ ಕಿರ್ರೆಂದು ಜರುಗುತ್ತಿತ್ತು. ಆಮೇಲೆ ಗೋಡೆಯ ಸರದಿ. ಗೋಡೆ ತಳ್ಳಿ ತಳ್ಳಿ ಹುಡುಗಿಯರ ಮುಖ ಕೆಂಪಾದಾಗ, "ನೀವು ಗೋಡೆ ತಳ್ತೀರಿ, ಸರಿ. ಗೋಡೆ ನಿಮ್ಮನ್ನ ತಳ್ತಾ ಇದೆಯಾ?" ಎಂದು ಕೇಳುವಳು. "ಇಲ್ಲ ಮಿಸ್" ಎಂದು ಎಲ್ಲರೂ ಕೂಗುವರು. ಆಗ ಹೆಡ್‌ಮಿಸ್ ರೂಮಿನಿಂದ ಚಕ್ರದ ಕುರ್ಚಿ ತರಿಸಿ, ಒಬ್ಬಳನ್ನು ಅದರಲ್ಲಿ ಕೂರಿಸಿ, ಮತ್ತೆ ಗೋಡೆ ತಳ್ಳಿಸುವಳು. ಕುರ್ಚಿ ಸರ್ರನೆ ಹಿಂದಕ್ಕೆ ಹೋಗಿ ಬೆಂಚಿಗೆ ಬಡಿಯುತ್ತಿತ್ತು. "ಈಗ ಹೇಳು, ನಿನ್ನ ತಳ್ಳಿದ್ದು ಯಾರು?" ಎಂದರೆ ಆ ಹುಡುಗಿ ಗೋಡೆಯನ್ನು ಗುಮಾನಿಯಿಂದ ನೋಡುತ್ತಿದ್ದಳಂತೆ.

ಕಳೆದ ವಾರ ಒಬ್ಬಾಕೆ ಮಗಳ ಯೂನಿಫಾರಂ ಹೊಲಿಸಲು ನನ್ನ ಅಂಗಡಿಗೆ ಬಂದಳು. ಅಂಗಡಿ ಎಂದರೆ ಏನು, ನಮ್ಮ ಮನೆಯ ಮುಂದಿನ ಕೋಣೆಯೇ. ಅಳತೆ ತೆಗೆಯುತ್ತಿದ್ದೆ. ಆಕೆ ಸುತ್ತಲೂ ನೋಡಿ, "ಇದು ತಳ್ಳು ಟೀಚರ್ ಮನೆ ಅಲ್ವಾ ಆಂಟಿ?" ಎಂದಳು.

"ಅವಳದ್ದೇ. ಅವಳು ಹೋಗಿ ಎರಡು ವರ್ಷ ಆಯ್ತಮ್ಮ."

ಆಕೆ ಗೋಡೆಯ ಹತ್ತಿರ ಹೋದಳು. ಆಮೇಲೆ ಎರಡೂ ಅಂಗೈಯನ್ನು ನನ್ನ ಗೋಡೆಗೆ ಊರಿ, ತಳ್ಳಿ ನೋಡಿ, "ಇನ್ನೂ ತಳ್ಳುತ್ತೆ ಆಂಟಿ" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು. ನಾನು ಬೇಗ ಬೇಗ ಟೇಪು ಎತ್ತಿಕೊಂಡೆ. ಆ ಗಡಿಬಿಡಿಯಲ್ಲಿ ಹುಡುಗಿಯ ತೋಳಿನ ಅಳತೆ ತಪ್ಪಿ, ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಓದಿದ ನಾದಿನಿ ಎಂದರೆ ನನಗೆ ಒಳಗೊಳಗೇ ಭಯ. ನಾನೋ ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವಳು. ಒಂದು ಸಂಜೆ ನಾನು ಹೊಲಿಗೆ ಮಿಷನ್ ತುಳಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಏನು ಕೊಂಕು ತೆಗೆಯುತ್ತಾಳೋ ಎಂದು ನಾನು ಬಟ್ಟೆಯಿಂದ ಕಣ್ಣೆತ್ತಲಿಲ್ಲ.

"ಅತ್ತಿಗೆ, ಕಾಲು ತೆಗೀರಿ."

ತೆಗೆದೆ. ಚಕ್ರ ಇನ್ನೂ ತಿರುಗುತ್ತಿತ್ತು. ಸೂಜಿ ನಾಲ್ಕೈದು ಹೊಲಿಗೆ ಹಾಕಿಯೇ ನಿಂತದ್ದು.

"ನೀವು ಬಿಟ್ರೂ ಅದು ಯಾಕೆ ಬಿಡಲಿಲ್ಲ?"

"ಹಳೇ ಮಿಷನ್ನು. ಹೇಳಿದ ಮಾತು ಕೇಳಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. "ಹೊಸದೂ ಕೇಳಲ್ಲ ಅತ್ತಿಗೆ. ಓಡ್ತಾ ಇರೋದು ಓಡ್ತಾನೇ ಇರತ್ತೆ, ನಿಂತಿರೋದು ನಿಂತೇ ಇರತ್ತೆ. ಯಾರಾದ್ರೂ ಬಂದು ತಳ್ಳೋ ತನಕ, ಇಲ್ಲ ತಡೆಯೋ ತನಕ. ಅದಕ್ಕೆ ಜಡತ್ವ ಅಂತಾರೆ."

"ಇಷ್ಟೇನಾ? ನಿಮ್ಮಣ್ಣ ಭಾನುವಾರ ಹಾಸಿಗೆ ಬಿಟ್ಟು ಏಳಲ್ಲವಲ್ಲ, ಅದೇ ತಾನೇ ಇದು?"

"ಅದೇ. ನೂರಕ್ಕೆ ನೂರು ಮಾರ್ಕ್ಸು ನಿಮಗೆ."

ಅವಳು ಅದನ್ನು ಮನೆಯಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಕ್ಲಾಸಿನಲ್ಲಿ ಉದಾಹರಣೆ ಕೊಟ್ಟಳು. ಅಂಚೆ ಕಚೇರಿಯಲ್ಲಿ ಗಂಭೀರವಾಗಿ ಠಸ್ಸೆ ಹೊಡೆಯುವ ನನ್ನ ಗಂಡ ಬೀದಿಯಲ್ಲಿ ನಡೆದು ಹೋದರೆ ಹೈಸ್ಕೂಲು ಹುಡುಗಿಯರು "ಜಡತ್ವ ಬರ್ತಾ ಇದಾರೆ ಕಣೇ" ಎಂದು ಕಿಸಕ್ಕನೆ ನಗುತ್ತಿದ್ದರು. ನನ್ನವರು ಎಷ್ಟೋ ವರ್ಷ ಅದಕ್ಕೆ ಕಾರಣ ತಿಳಿಯದೆ ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತಿದ್ದರು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಅಂದಿನಿಂದ ಅವಳು ನನಗೆ ನಾದಿನಿಗಿಂತ ಹೆಚ್ಚಾಗಿ ಗೆಳತಿಯಾದಳು. ನಾನು ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡದು ಅವಳ ಬಸ್ ಪಾಠ. ವರ್ಷಕ್ಕೊಮ್ಮೆ, ಮಧ್ಯಾಹ್ನ ಬಸ್ಸು ಖಾಲಿ ಇರುವ ಹೊತ್ತಿಗೆ, ಇಡೀ ಕ್ಲಾಸನ್ನು ಶಾಲೆಯ ಮುಂದಿನ ಸ್ಟಾಪಿಗೆ ಕರೆತರುವಳು. ಆ ರೂಟಿನ ಕಂಡಕ್ಟರನ್ನು ಹುಡುಗಿಯರು ಸೀಟಿ ಮಾಮ ಅನ್ನುತ್ತಿದ್ದರು. ಮಾತಿಗಿಂತ ಸೀಟಿಯೇ ಹೆಚ್ಚು ಆ ಮನುಷ್ಯನದು. ಬೇರೆ ದಿನ "ಹಿಡ್ಕೊಳ್ರಮ್ಮ, ಬಿದ್ದೀರ" ಎಂದು ಗದರುವವನು ಅವತ್ತು ಮಾತ್ರ "ಯಾರೂ ಹಿಡ್ಕೋಬೇಡಿ, ಟೀಚರ್ ಹೇಳಿದಾರೆ" ಎಂದು ಗದರುತ್ತಿದ್ದ. ಬಸ್ಸು ಹೊರಟರೆ ಹುಡುಗಿಯರೆಲ್ಲ ಹಿಂದಕ್ಕೆ, ಬ್ರೇಕು ಹಾಕಿದರೆ ಮುಂದಕ್ಕೆ, ಎಡಕ್ಕೆ ತಿರುಗಿದರೆ ಬಲಕ್ಕೆ ಒಬ್ಬರ ಮೇಲೊಬ್ಬರು. ಬಸ್ಸು ದೊಡ್ಡ ರಸ್ತೆ ಸುತ್ತಿ ಆಸ್ಪತ್ರೆಯ ಸ್ಟಾಪಿಗೆ ಬರುವಷ್ಟರಲ್ಲಿ ನಮ್ಮ ಟೀಚರಮ್ಮ ಸಂದಿಯಲ್ಲಿ ದಾಪುಗಾಲು ಹಾಕಿ ಬಂದು ಅಲ್ಲಿ ನಿಂತಿರುತ್ತಿದ್ದಳು.

"ಯಾರು ತಳ್ಳಿದ್ರು ನಿಮ್ಮನ್ನ?"

"ಯಾರೂ ತಳ್ಳಲಿಲ್ಲ ಮಿಸ್!"

"ಮತ್ತೆ ಯಾಕೆ ಬಿದ್ರಿ?"

ಆ ಪ್ರಶ್ನೆಗೆ ರಸ್ತೆ ಬದಿಯಲ್ಲೇ ಅರ್ಧ ಗಂಟೆ ಪಾಠ ನಡೆಯುತ್ತಿತ್ತು. ಕಾಲು ಬಸ್ಸಿನ ಜೊತೆ ಹೊರಟಿತು, ಮೈ ಇನ್ನೂ ಇದ್ದಲ್ಲೇ ಇರಬೇಕು ಅಂದುಕೊಂಡಿತ್ತು, ಅದಕ್ಕೇ ಹಿಂದಕ್ಕೆ ಬಿದ್ದಿರಿ. ಬ್ರೇಕು ಹಾಕಿದಾಗ ಕಾಲು ನಿಂತಿತು, ಮೈ ಇನ್ನೂ ಹೋಗ್ತಾನೇ ಇತ್ತು. ಹಣ್ಣಿನ ಗಾಡಿಯವನೂ ಆಸ್ಪತ್ರೆಯ ಕಾವಲುಗಾರನೂ ಬಂದು ನಿಂತು ಕೇಳುತ್ತಿದ್ದರು. ಯಾರಾದರೂ ಜೋರು ಹುಡುಗಿ "ನೀವ್ಯಾಕೆ ಹತ್ತಲ್ಲ ಮಿಸ್?" ಎಂದರೆ ಅವಳ ಬಳಿ ಉತ್ತರ ಸಿದ್ಧವಿತ್ತು. "ಚಲನೆ ಅನ್ನೋದು ನೋಡೋರ ಮೇಲಿದೆ ಕಣಮ್ಮ. ಒಳಗಿರೋರಿಗೆ ಒಂಥರಾ, ಹೊರಗಿರೋರಿಗೆ ಇನ್ನೊಂಥರಾ. ಅಳೀಬೇಕು ಅಂದ್ರೆ ಒಬ್ಬರಾದ್ರೂ ನೆಲದ ಮೇಲೆ ನಿಂತಿರ್ಬೇಕು." ಎಲ್ಲರೂ ತಲೆಯಾಡಿಸಿದರು. ಮನೆಯಲ್ಲಿ ಅದನ್ನು ಕೇಳಿ ನಾನೂ ಎಷ್ಟು ದೊಡ್ಡ ವಿಷಯ ಎಂದು ತಲೆಯಾಡಿಸಿದೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅವಳು ಹತ್ತದಿರುವುದಕ್ಕೆ ನಿಜವಾದ ಕಾರಣ ನನಗೆ ಗೊತ್ತಾದದ್ದು ನನ್ನ ತಂಗಿಗೆ ಹೆರಿಗೆಯಾದಾಗ. ಪಕ್ಕದ ಊರು. ಮಗು ನೋಡಿಕೊಂಡು ಬರೋಣ ಬಾ ಎಂದು ನಾನೇ ಅವಳನ್ನು ಹೊರಡಿಸಿದೆ. ಸ್ಟಾಪಿನವರೆಗೂ ಹರಟುತ್ತಾ ಬಂದಳು. ಬಸ್ಸು ಬಂತು. ನಾನು ಹತ್ತಿದೆ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ಹಾಗೇ ನಿಂತಳು. ಮುಖ ಸುಣ್ಣ ಬಳಿದ ಹಾಗಾಗಿತ್ತು. ಹಿಂದಿನವರು "ಹತ್ತಮ್ಮ, ಇಲ್ಲಾಂದ್ರೆ ದಾರಿ ಬಿಡು" ಎಂದು ಗೊಣಗಿದರು. ಅವಳು ದಾರಿ ಬಿಟ್ಟಳು. ನಾನು ಇಳಿದು ಬಂದಾಗ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ನಗಲು ಪ್ರಯತ್ನಿಸುತ್ತಿದ್ದಳು.

"ಎಂಟು ವರ್ಷದವಳಿದ್ದಾಗ ಓಡೋ ಬಸ್ಸಿಂದ ಹಾರಿದ್ದೆ ಅತ್ತಿಗೆ. ಹುಡುಗಾಟ. ಮೊಣಕೈ ಮುರೀತು, ಎರಡು ಹಲ್ಲು ಹೋಯ್ತು. ನನಗೆ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಒಂದೇ. ನಾನು ಹಾರಿದ್ದು ಹಿಂದಕ್ಕೆ. ಬಿದ್ದದ್ದು ಮುಂದಕ್ಕೆ. ಅದು ಹೇಗೆ? ಆಸ್ಪತ್ರೇಲಿ ಎಲ್ಲರನ್ನೂ ಕೇಳಿದೆ. ಎಲ್ಲರೂ ಮಲಕ್ಕೋ ಅಂದ್ರು. ಕಟ್ಟು ಬದಲಾಯಿಸೋ ಕಂಪೌಂಡರ್ ಒಬ್ರು ಮಾತ್ರ, ನೀನು ಬಸ್ಸಿಂದ ಇಳಿದೆ ಮಗು, ಬಸ್ಸಿನ ವೇಗ ನಿನ್ನ ಮೈಯಿಂದ ಇಳೀಲಿಲ್ಲ ಅಂದ್ರು. ಆ ಒಂದು ಮಾತಿಗೋಸ್ಕರ ನಾನು ವಿಜ್ಞಾನ ಓದಿದ್ದು."

"ಅದೆಲ್ಲ ಸರಿ. ಈಗೇನು ಬಂತು?"

"ಅದು ಇನ್ನೂ ಇಳಿದಿಲ್ಲ ಅತ್ತಿಗೆ."

ಇಬ್ಬರೂ ನಡೆದು ಮನೆಗೆ ಬಂದೆವು.

ಆಮೇಲೆ ಒಂದೊಂದೇ ಅರ್ಥವಾಗತೊಡಗಿತು. ಚಕ್ರದ ಮೇಲೆ ಓಡುವ ಯಾವುದನ್ನೂ ಅವಳು ಹತ್ತುತ್ತಿರಲಿಲ್ಲ. ಸೈಕಲ್ಲಿನ ಕ್ಯಾರಿಯರ್ ಕೂಡ ಇಲ್ಲ. ಬಂದ ಗಂಡುಗಳನ್ನೆಲ್ಲ ಅವಳು ಬೇಡ ಎಂದದ್ದೂ ಇದಕ್ಕೇ. ಒಬ್ಬ ಬ್ಯಾಂಕಿನವನು ಬಹಳ ಒಳ್ಳೆಯವನಿದ್ದ. ಬೇಡ ಎಂದಳು. ನಾನು ಕಿವಿ ಹಿಂಡಿ ಕೇಳಿದ್ದಕ್ಕೆ, "ನಡ್ಕೊಂಡು ಹೋಗೋ ದೂರದಲ್ಲಿ ಯಾರಾದ್ರೂ ಇದ್ರೆ ಹೇಳಿ" ಎಂದಳು. ನಡೆದು ಹೋಗುವ ದೂರದಲ್ಲಿ ಇದ್ದವನು ಹಾಲಿನ ಡೈರಿಯ ವಿಧುರ ಒಬ್ಬನೇ. ಅವನಿಗೂ ಅರವತ್ತು ದಾಟಿತ್ತು. ಈ ಮಾತಿಗೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಈಗ ನೆನೆದರೆ ಅಷ್ಟು ನಗು ಬರುವುದಿಲ್ಲ. ಆದರೆ ಅವಳಿಗೆ ಗಂಡ ಇಲ್ಲ ಎಂಬ ಕೊರತೆ ಇತ್ತೆಂದು ನನಗೆ ಅನಿಸಲಿಲ್ಲ. ಶಾಲೆ ಇತ್ತು, ಹುಡುಗಿಯರಿದ್ದರು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಅತ್ತಿಗೆ, ಇವತ್ತು ಏನಾಯ್ತು ಗೊತ್ತಾ" ಎಂದು ಶುರು ಮಾಡುತ್ತಿದ್ದಳು. ಆ ದನಿ ಕೇಳಿದರೆ ಸಾಕು, ದಿನದ ಬೆನ್ನುನೋವೆಲ್ಲ ಅರ್ಧ ಇಳಿಯುತ್ತಿತ್ತು ನನಗೆ.

ಹೀಗಿರುವಾಗ ಶಾಲೆಯ ಹಳೇ ಕಟ್ಟಡ ಬಿರುಕು ಬಿಟ್ಟಿತು. ನಿಮ್ಮ ಹುಡುಗಿಯರು ತಳ್ಳಿ ತಳ್ಳಿಯೇ ಹೀಗಾಯಿತು ಎಂದು ಹೆಡ್‌ಮಿಸ್ ತಮಾಷೆ ಮಾಡಿದರು. ಆದರೆ ಆಮೇಲೆ ಹೇಳಿದ್ದು ತಮಾಷೆಯಾಗಿರಲಿಲ್ಲ. ಹೊಳೆಯ ಆಚೆ, ಸೇತುವೆ ದಾಟಿ, ಹೊಸ ಬಡಾವಣೆಯಲ್ಲಿ ಹೊಸ ಕಟ್ಟಡ. ರಜೆ ಮುಗಿದೊಡನೆ ಶಾಲೆ ಅಲ್ಲಿಗೆ. ಊರಿನ ಹುಡುಗಿಯರು, ಟೀಚರುಗಳು ಎಲ್ಲರೂ ಬೆಳಗಿನ ಬಸ್ಸಿನಲ್ಲಿ ಹೋಗುವುದು ಎಂದಾಯಿತು.

ನಮ್ಮ ಟೀಚರಮ್ಮ ನಡೆದು ಹೋದಳು. ಬೆಳಕು ಹರಿಯುವ ಮುಂಚೆ ಹೊರಟು, ಸೇತುವೆಯ ಮೇಲೆ ಲಾರಿಗಳ ಧೂಳು ಕುಡಿದು, ಬೆಲ್ಲು ಹೊಡೆದ ಮೇಲೆ ಹೋಗಿ ಸೇರುವಳು. ಸಂಜೆ ದೀಪ ಹಚ್ಚಿದ ಮೇಲೆ ಬರುವಳು. ಪಾದ ಬಾತುಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿರುತ್ತಿತ್ತು. ಬಾಗಿಲಲ್ಲಿ "ಅತ್ತಿಗೆ, ಇವತ್ತು ಏನಾಯ್ತು ಗೊತ್ತಾ" ಎನ್ನುವುದು ನಿಂತುಹೋಯಿತು. ನನ್ನ ಗಂಡ ಬಿಸಿನೀರಿನ ಬಕೆಟ್ಟು ಅವಳ ಮುಂದಿಟ್ಟು, "ಸಾಕು ಬಿಡಮ್ಮ, ಮನೇಲೇ ಟ್ಯೂಷನ್ ಹೇಳು. ನಾನಿಲ್ವಾ?" ಎಂದರು.

"ಮನೇಲಿ ಬೀರು ಎಲ್ಲಿದೆ ಅಣ್ಣ ತಳ್ಳೋಕೆ?" ಎಂದಳು. ಅಷ್ಟೇ ಅವಳಿಂದ ಬಂದ ತಮಾಷೆ ಆ ತಿಂಗಳಲ್ಲಿ.

ಹೆಡ್‌ಮಿಸ್ ಕೆಟ್ಟವರಲ್ಲ. ಒಂದು ದಿನ ತಾವೇ ಮನೆಗೆ ಬಂದು ಕೂತು, ಕಾಫಿ ಲೋಟ ಕೈಯಲ್ಲಿ ತಿರುಗಿಸುತ್ತಾ ಹೇಳಿದರು. "ಮೊದಲನೇ ಪಿರಿಯಡ್ಡು ದಿನಾ ಖಾಲಿ ಹೋಗ್ತಾ ಇದೆ. ನಾನು ಎಷ್ಟು ದಿನ ಅಂತ ಮುಚ್ಚಿಡಲಿ? ಬರೋ ತಿಂಗಳಿಂದ ಮೊದಲನೇ ಬೆಲ್ಲಿಗೆ ಕ್ಲಾಸಲ್ಲಿರಬೇಕು. ಆಗಲ್ಲ ಅಂದ್ರೆ ಹಳೇ ಕಟ್ಟಡದ ಮುಂದಿನ ಕೋಣೇಲಿ ಆಫೀಸು ಉಳಿಸ್ಕೊಂಡಿದೀವಿ, ಅಲ್ಲಿಗೆ ಹಾಕಿಸ್ತೀನಿ. ಫೈಲು ನೋಡ್ಕೊಂಡು ಇರಿ. ಕ್ಲಾಸು ಮಾತ್ರ ಇರಲ್ಲ." ಅವಳು ಆಗಲಿ ಎಂದಳು. ಹೆಡ್‌ಮಿಸ್ ಹೋದ ಮೇಲೆ ಲೋಟ ತೊಳೆಯುತ್ತಾ ನಿಂತವಳು ತೊಳೆದದ್ದನ್ನೇ ತೊಳೆಯುತ್ತಿದ್ದಳು. ಕ್ಲಾಸು ಹೋದರೆ ಇವಳು ಉಳಿಯುವುದಿಲ್ಲ ಎಂದು ನನಗೆ ಆಗಲೇ ಅನಿಸಿತು.

ನಾನು ಸುಮ್ಮನಿರುವವಳಲ್ಲ. ಸೀಟಿ ಮಾಮನನ್ನು ಹಿಡಿದೆ. ಅವನಿಗೆ ವಿಷಯ ಹೇಳಿದಾಗ ಅಷ್ಟು ವರ್ಷ ಬಸ್ ಪಾಠ ಮಾಡಿಸಿದವನು ಬಾಯಿ ತೆರೆದು ನಿಂತ. ಆಮೇಲೆ, "ಮಧ್ಯಾಹ್ನ ಡಿಪೋಗೆ ಕರ್ಕೊಂಡು ಬನ್ನಿ ಅಕ್ಕ, ನಿಂತಿರೋ ಬಸ್ಸಲ್ಲಿ ಕೂರಿಸೋಣ" ಎಂದ. ಅರ್ಧ ದಿನದ ರಜೆ ಹಾಕಿಸಿ ಕರೆದುಕೊಂಡು ಹೋದೆ. ನಿಂತ ಬಸ್ಸಿನಲ್ಲಿ ಮೊದಲ ದಿನ ಮೆಟ್ಟಿಲ ಮೇಲೆ ಕೂತಳು. ಎರಡನೆಯ ಸಲ ಸೀಟಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದಳು. ಆಮೇಲೆ ಎಂಜಿನ್ ಹಾಕಿಸಿದೆವು. ನಡುಗುವ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಳು. ಡಿಪೋದ ಒಳಗೇ ಆಮೆಯ ಹಾಗೆ ಒಂದು ಸುತ್ತು ಹಾಕಿಸಿದರು. ನನ್ನ ಕೈ ಹಿಡಿದ ಕಡೆ ಉಗುರಿನ ಗುರುತು ಮೂಡಿತ್ತು. ಆದರೂ ಸುತ್ತು ಮುಗಿಸಿದಳು. ಗೆದ್ದೆವು ಅಂದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನನ್ನ ಕಸುಬಿನ ಗುಣವೇ ಇರಬೇಕು.

ತಿಂಗಳ ಮೊದಲ ಸೋಮವಾರ ಬೆಳಗಿನ ಬಸ್ಸು ಹತ್ತಿದಳು. ನಾನು ಜೊತೆಗಿದ್ದೆ. ಬಸ್ಸಿನ ತುಂಬ ಅವಳದೇ ಹುಡುಗಿಯರು. ಮಿಸ್ ಬಂದ್ರು ಎಂದು ಎದ್ದು ಸೀಟು ಕೊಟ್ಟರು. ಸೀಟಿ ಊದಿತು. ಬಸ್ಸು ಒಮ್ಮೆಲೇ ಮುಂದಕ್ಕೆ ಜಗ್ಗಿತು. ಅವಳು ಎದ್ದು ನಿಂತು "ನಿಲ್ಲಿಸಿ!" ಎಂದು ಕಿರುಚಿದಳು. ಅಂಥ ದನಿ ನಾನು ಅವಳ ಬಾಯಲ್ಲಿ ಕೇಳಿಯೇ ಇರಲಿಲ್ಲ, ಎಂಟು ವರ್ಷದ ಮಗುವಿನದು. ಡ್ರೈವರ್ ಬ್ರೇಕು ತುಳಿದ. ಹುಡುಗಿಯರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಯಾರೂ ನಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಒಬ್ಬಳು ಮಾತ್ರ, ಕಲಿತ ಪಾಠ ತಾನಾಗಿ ಬಾಯಿಗೆ ಬಂದ ಹಾಗೆ, ಮೆಲ್ಲಗೆ "ಜಡತ್ವ" ಎಂದಳು. ನನ್ನ ನಾದಿನಿ ತಲೆ ತಗ್ಗಿಸಿ ಇಳಿದು ಮನೆಯ ಕಡೆ ನಡೆದಳು.

ಆ ದಿನ ಶಾಲೆಗೆ ಹೋಗಲಿಲ್ಲ. ಅಂಗಡಿಯ ಮೂಲೆಯಲ್ಲಿ, ಹೊಲಿದ ಯೂನಿಫಾರಂಗಳ ರಾಶಿಯ ಪಕ್ಕ ಕೂತಳು. ಅವಳ ತಾಯಿ, ಅಂದರೆ ನಮ್ಮತ್ತೆ, ಎದುರು ಚಾಪೆಯ ಮೇಲೆ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಕಣ್ಣು ಮಂಜಾಗಿದ್ದರೂ ಆ ಕೆಲಸ ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ.

"ಆಫೀಸಿಗೇ ಹೋಗ್ತೀನಿ ಅತ್ತಿಗೆ. ಹೆಡ್‌ಮಿಸ್‌ಗೆ ನಾಳೆ ಹೇಳ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಹೋಗು! ಫೈಲಿನ ಧೂಳು ಒರೆಸ್ಕೊಂಡು ಬಿದ್ದಿರು. ಇಷ್ಟು ವರ್ಷ ನೀನು ಹೇಳಿದ್ದೆಲ್ಲ ಪುಸ್ತಕದ ಬದನೆಕಾಯಿ! ನಿಂತಿರೋದು ನಿಂತೇ ಇರತ್ತೆ ಅಂತ ಊರ ಮಕ್ಕಳಿಗೆಲ್ಲ ಹೇಳಿದೆಯಲ್ಲ, ಆ ಬೀರು ನೀನೇ!"

"ಹೌದು ಅತ್ತಿಗೆ. ನಾನೇ" ಎಂದಳು. ಎದುರು ಮಾತಾಡಿದ್ದರೆ ವಾಸಿಯಿತ್ತು. ನಾನು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಗ ನಮ್ಮತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಅವಳಿಗೆ ಬೈಬೇಡ" ಎಂದರು. "ಅವಳು ಹುಡುಗಾಟಕ್ಕೆ ಹಾರಿದ್ದಲ್ಲ."

"ಅಮ್ಮ, ಬಿಡು" ಎಂದಳು ಅವಳು.

"ಬಿಟ್ಟದ್ದು ಸಾಕು." ನಮ್ಮತ್ತೆ ನನ್ನ ಕಡೆ ತಿರುಗಿದರು. "ನಾನು ಮೊದಲು ಇಳಿದೆ. ಕೈಯಲ್ಲಿ ಸಾಮಾನಿನ ಚೀಲ. ಚೀಲ ಕೆಳಗಿಟ್ಟು ಮಗೂನ ಇಳಿಸ್ಕೊಳ್ಳೋಣ ಅಂತ ತಿರುಗ್ತೀನಿ, ಬಸ್ಸು ಹೊರಟೇಬಿಟ್ಟಿದೆ. ಮಗು ಬಾಗಿಲಲ್ಲಿ ನಿಂತಿದೆ. ಅಮ್ಮಾ ಅಂತ ನನ್ನ ಕಡೆಗೇ ಹಾರಿತು. ನನ್ನ ಕಡೆಗೆ ಹಾರಿದ್ದು ಅತ್ತ ಹೋಗಿ ಬಿತ್ತು. ಮೊದಲು ಮಗೂನ ಇಳಿಸ್ಬೇಕಿತ್ತು, ನಾನು ಚೀಲ ಇಳಿಸಿದೆ. ಆಸ್ಪತ್ರೇಲಿ ಅವರಪ್ಪ ಬಂದು ಹೇಗಾಯ್ತು ಅಂತ ಗುಡುಗಿದ್ರು. ಇಷ್ಟುದ್ದ ಮಗು, ಬಾಯಿ ತುಂಬ ರಕ್ತ, ಆಟಕ್ಕೆ ನಾನೇ ಹಾರಿದೆ ಅಪ್ಪ ಅಂತು. ನಾನು ಬಾಯಿ ಬಿಡಲಿಲ್ಲ. ಅವರು ಸತ್ತ ಮೇಲೂ ಬಿಡಲಿಲ್ಲ."

"ಅಪ್ಪ ನಿನಗೆ ಹೊಡೀತಾರೆ ಅಂತ ಅಂದೆ" ಎಂದಳು ಅವಳು, ಎಷ್ಟೋ ವರ್ಷದ ಮೇಲೂ ಸಮಜಾಯಿಷಿ ಕೊಡುವವಳ ಹಾಗೆ.

ನಮ್ಮತ್ತೆಯೂ ಬಸ್ಸು ಹತ್ತುತ್ತಿರಲಿಲ್ಲ. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎನ್ನುತ್ತಿದ್ದರು. ಅದೇ ಮಂಡಿಯಲ್ಲಿ ದಿನಾ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದರು, ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ನಾನು ಅದನ್ನು ಎತ್ತಿ ಎಷ್ಟು ಸಲ ಹಾಸ್ಯ ಮಾಡಿದ್ದೆನೋ. ತಾಯಿ ಮಗಳು ಇಬ್ಬರೂ ಒಂದೇ ಭಯವನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು, ಒಬ್ಬರಿಗೊಬ್ಬರು ಒಂದು ಮಾತಾಡದೆ ಇದ್ದರು.

"ನಾಳೆ ನಾನೂ ಬರ್ತೀನಿ" ಎಂದರು ನಮ್ಮತ್ತೆ. "ನೀನು ಇಳಿಯೋ ತನಕ ನಾನು ಇಳಿಯಲ್ಲ."

ಮರುದಿನ ಅಂಗಡಿಗೆ ಬಾಗಿಲು ಹಾಕಿ ನಾನೂ ಹೊರಟೆ. ಸ್ಟಾಪಿನಲ್ಲಿ ನಮ್ಮತ್ತೆ ಮಗಳ ಕೈ ಹಿಡಿದು ನಿಂತಿದ್ದರು, ಶಾಲೆಗೆ ಹೊಸದಾಗಿ ಸೇರಿಸಲು ಹೊರಟವರ ಹಾಗೆ. ಬಸ್ಸು ಬಂತು. ಇಬ್ಬರೂ ಹತ್ತಿದರು. ಸೀಟಿ ಮಾಮ ಈ ಸಲ ಸೀಟಿ ಊದಲಿಲ್ಲ. ಡ್ರೈವರ್ ಹತ್ತಿರ ಹೋಗಿ ಬಾಯಲ್ಲೇ ಹೇಳಿದ. ಬಸ್ಸು ಹೊರಟಿತು. ನಮ್ಮತ್ತೆ ಬೆಚ್ಚಿ, ಎದುರಿನ ಕಂಬಿ ತಬ್ಬಿಕೊಂಡು, "ಅಯ್ಯೋ, ಯಾರೋ ಹಿಂದಕ್ಕೆ ಎಳೆದ್ರು ಕಣೇ" ಎಂದರು.

"ಯಾರೂ ಎಳೀಲಿಲ್ಲ ಅಮ್ಮ" ಎಂದಳು ನನ್ನ ನಾದಿನಿ. ಅವಳ ತುಟಿ ಬಿಳುಪಾಗಿತ್ತು. "ಬಸ್ಸು ಹೊರಡ್ತು. ನಮ್ಮ ಮೈಗೆ ಇನ್ನೂ ಗೊತ್ತಾಗಿಲ್ಲ. ಈಗ ಗೊತ್ತಾಗತ್ತೆ ನೋಡು."

"ಈಗ?"

"ಈಗ ಎಡಕ್ಕೆ ತಿರುಗ್ತಾನೆ. ನಾವು ಬಲಕ್ಕೆ ವಾಲ್ತೀವಿ. ಹಿಡ್ಕೋ. ಹೆದರ್ಬೇಡ, ನಮ್ಮ ಮೈ ನೇರ ಹೋಗ್ಬೇಕು ಅಂತಿದೆ, ಅಷ್ಟೇ."

ಹಾಗೆ ದಾರಿಯುದ್ದಕ್ಕೂ ಅವಳು ತಾಯಿಗೆ ಪಾಠ ಹೇಳಿದಳು. ಹುಡುಗಿಯರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಮ್ಮತ್ತೆ ಪ್ರತಿ ತಿರುವಿಗೂ "ಇದೇನು, ಇದೇನು" ಎನ್ನುವರು, ಅವಳು ಉತ್ತರ ಹೇಳುವಳು. ಉತ್ತರ ಹೇಳುತ್ತಿರುವವರೆಗೆ ಅವಳಿಗೆ ಹೆದರಲು ಪುರುಸೊತ್ತಿರಲಿಲ್ಲ. ನಮ್ಮತ್ತೆ ಬೇಕೆಂದೇ ಕೇಳುತ್ತಿದ್ದರೋ, ನಿಜವಾಗಿ ತಿಳಿಯದೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸೇತುವೆಯ ಮೇಲೆ ರಸ್ತೆ ನೇರವಾಗಿತ್ತು. "ಈಗ ಒಂದೇ ವೇಗ ಅಮ್ಮ. ಕಣ್ಣು ಮುಚ್ಚು. ಮನೇಲಿ ಕೂತ ಹಾಗೇ ಇರತ್ತೆ" ಎಂದಳು. ನಮ್ಮತ್ತೆ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಅವಳೂ ಮುಚ್ಚಿದಳು.

ಶಾಲೆಯ ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಂತಿತು. ನಮ್ಮತ್ತೆ ಬಾಗಿಲವರೆಗೆ ಬಂದು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೇಲಿನ ಮೆಟ್ಟಿಲ ಮೇಲೆ ನಿಂತರು. "ಇಳಿ" ಎಂದರು. ಅವಳು ಇಳಿದಳು. ಮೊದಲನೇ ಬೆಲ್ಲು ಇನ್ನೂ ಹೊಡೆದಿರಲಿಲ್ಲ.

ಆ ವರ್ಷದ ರಜೆಯವರೆಗೂ ನಮ್ಮತ್ತೆ ದಿನಾ ಅವಳ ಜೊತೆ ಹೋಗಿ, ಅದೇ ಬಸ್ಸಿನಲ್ಲಿ ಒಬ್ಬರೇ ಹಿಂದಿರುಗಿದರು. ಮಂಡಿನೋವಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ದಾರಿಯ ಹಣ್ಣಿನವರು, ಹೂವಿನವರು ಎಲ್ಲರೂ ಅವರಿಗೆ ಪರಿಚಯವಾದರು. ಮನೆಗೆ ಬಂದು "ಇವತ್ತು ಆ ಡ್ರೈವರ್ರು ಎಷ್ಟು ವೇಗೋತ್ಕರ್ಷ ಕೊಟ್ಟ ಅಂತೀಯ" ಎಂದು ನನಗೆ ವರದಿ ಒಪ್ಪಿಸುವಾಗ ನಾನು ನಗು ತಡೆಯಲಾಗದೆ ಒಳಗೆ ಓಡುತ್ತಿದ್ದೆ. ನನ್ನ ನಾದಿನಿ ರಿಟೈರಾಗುವವರೆಗೂ ಆ ಬಸ್ಸಿನಲ್ಲೇ ಹೋದಳು. ಈಗ ಅವರಿಬ್ಬರೂ ಇಲ್ಲ. ಬೆಳಗಿನ ಆ ಬಸ್ಸು ನನ್ನ ಅಂಗಡಿಯ ಮುಂದೆಯೇ ಹೋಗುತ್ತದೆ. ಸದ್ದು ಕೇಳಿದಾಗ ಇವತ್ತಿಗೂ ಮಿಷನ್ನಿನಿಂದ ಕಾಲು ತೆಗೆಯುತ್ತೇನೆ.

ಆದರೆ ನನಗೆ ಮರೆಯಲಾಗದ್ದು ಅವಳು ಮೊದಲ ಸಲ ಒಬ್ಬಳೇ ಹೋದ ದಿನ. ನಮ್ಮತ್ತೆಗೆ ಜ್ವರ ಬಂದಿತ್ತು. ಅವರು ಏಳುವ ಮುಂಚೆಯೇ ಅವಳು ಚೀಲ ಹೆಗಲಿಗೇರಿಸಿ, ನನಗೆ ಕೈಸನ್ನೆ ಮಾಡಿ ಹೋಗಿಬಿಟ್ಟಳು. ಎಚ್ಚರವಾದ ಮೇಲೆ ನಮ್ಮತ್ತೆ ಗಂಜಿಯನ್ನೂ ಮುಟ್ಟಲಿಲ್ಲ, ಮಾತ್ರೆಯನ್ನೂ ನುಂಗಲಿಲ್ಲ. ಹೊದಿಕೆ ಸುತ್ತಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಬರುವ ಪ್ರತಿ ಬಸ್ಸಿಗೂ ಕತ್ತೆತ್ತಿ ನೋಡುವರು. ಸಂಜೆ ಅವಳು ಬಂದು ಚಪ್ಪಲಿ ಬಿಡುವಾಗ, "ಅತ್ತಿಗೆ, ಇವತ್ತು ಏನಾಯ್ತು ಗೊತ್ತಾ" ಎಂದಳು. ನಮ್ಮತ್ತೆ ಅವಳಿಗೆ ಮಾತು ಮುಂದುವರಿಸಲು ಬಿಡಲಿಲ್ಲ.

"ಪೂರ್ತಿ ನಿಂತ ಮೇಲೆ ಇಳಿದೆಯಾ?"

"ಪೂರ್ತಿ ನಿಂತ ಮೇಲೆ ಅಮ್ಮ."

"ಯಾರಿದ್ರು ಜೊತೆಗೆ? ಯಾರು ಇಳಿಸಿದ್ರು ನಿನ್ನ?"

"ನನ್ನ ಯಾರು ಇಳಿಸ್ತಾರೆ? ನಾನೇ ಎಲ್ಲರನ್ನೂ ಇಳಿಸಿದೆ. ಬಾಗಿಲಲ್ಲಿ ನಿಂತ್ಕೊಂಡು, ಕೊನೇ ಹುಡುಗಿ ನೆಲಕ್ಕೆ ಕಾಲಿಡೋ ತನಕ ಸೀಟಿ ಬಾಯಿಗೆ ಇಡಬೇಡಿ ಅಂತ ಮಾಮಂಗೆ ಹೇಳಿದೆ. ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದೆ. ಮಕ್ಕಳೆಲ್ಲ ಇಳಿದ ಮೇಲೆ ನಾನು ಇಳಿದೆ."

ನಮ್ಮತ್ತೆ ಮಗಳ ಎರಡೂ ಕೈಯನ್ನು ಜ್ವರದ ಕೈಗಳಿಂದ ಹಿಡಿದುಕೊಂಡು, ಬೀದಿಯಲ್ಲಿ ಹೋಗುವವರು ನೋಡುತ್ತಾರೆ ಎಂಬ ಪರಿವೆಯೂ ಇಲ್ಲದೆ, ಬಾಯಿಬಿಟ್ಟು ಅತ್ತರು.